ಗುಡಿಸದೆ ಬಿಟ್ಟ ಗವಿ

ನನ್ನ ತಮ್ಮ ಹುಲ್ಲಪ್ಪನಿಗೆ ಈಗ ಅರವತ್ತೆರಡು. ಮಹಾಕೂಟದ ಆಚೆಯ ಗುಡ್ಡದಲ್ಲಿ ಕುರಿ ಮೇಯಿಸುತ್ತಾನೆ. ಯಾರಾದರೂ ಬರುತ್ತಾರೆಂದರೆ ಮೊದಲು ನೆಲ ಗುಡಿಸಬೇಕು ಎಂದು ನಮ್ಮ ಅವ್ವ ಕಲಿಸಿದ್ದಳು. ನನಗಿಂತ ಅವನೇ ಚೆನ್ನಾಗಿ ಕಲಿತ. ಗಂಡಸು ಕಸಬರಿಗೆ ಹಿಡಿದನೆಂದು ಓಣಿಯವರು ನಕ್ಕರೆ, "ನಿಮ್ಮ ಅಂಗಳಾನೂ ಗುಡಸ್ಲೇನ್ರಿ?" ಎಂದು ಕೇಳುವವನು.

ನಾಲ್ಕು ವರ್ಷದ ಹಿಂದೆ ಬಾಗಲಕೋಟೆಯ ವಿದ್ಯಾಗಿರಿಯಿಂದ ಜಯಶ್ರೀ ಎಂಬ ಬಾಯಾರು, ಕಾಲೇಜಿನಲ್ಲಿ ಪಾಠ ಹೇಳುವವರು, ಜೇಡ ಹುಡುಕುತ್ತ ಬಂದರು. ಮಳೆ ಬಂದಾಗ ಹುಲ್ಲಪ್ಪ ಕುರಿ ನಿಲ್ಲಿಸುವ ಗವಿಯಲ್ಲಿ ಅವರಿಗೊಂದು ಜೇಡ ಸಿಕ್ಕಿತು. ಜೋಳದ ಕಾಳಿನಷ್ಟು ಮೈ, ಕೂದಲಿನಂಥ ಕಾಲು. ತತ್ತಿಯ ಗಂಟನ್ನು ಬಾಯಲ್ಲೇ ಕಚ್ಚಿಕೊಂಡಿತ್ತು. ಇಂಥದ್ದನ್ನು ಯಾರೂ ಬರೆದಿಟ್ಟಂತಿಲ್ಲ, ಆದರೆ ಹೊಸದು ಎನ್ನಬೇಕಾದರೆ ಗಂಡೂ ಸಿಗಬೇಕು ಎಂದರು. ಗಂಡಿನ ಮುಂದಿನ ಎರಡು ಗಿಡ್ಡ ಕೈಗಳ ತುದಿ ಉಬ್ಬಿರುತ್ತದಂತೆ. ಆ ಉಬ್ಬಿನ ಆಕಾರದಿಂದಲೇ ಜಾತಿ ತಿಳಿಯುವುದು. ಬೇರೊಂದು ಜೇಡದ ಫೋಟೋ ತೋರಿಸಿ ಹುಲ್ಲಪ್ಪನಿಗೂ ಗುರುತು ಹೇಳಿಕೊಟ್ಟರು.

ಆಮೇಲೆ ಮೂರು ವರ್ಷ, ಪಂಚಮಿ ಮುಗಿದ ಮೇಲೆ ಫೋನ್ ಮಾಡಿ ಬಂದರು. ಬಿರುಕಿನೊಳಗೆ ಬರೀ ಹೆಣ್ಣು. ಹೋದ ವರ್ಷ ನಮ್ಮ ಮನೆಯಲ್ಲಿ ರೊಟ್ಟಿ ಮುರಿಯುತ್ತ, "ಮುಂದಿನ ಸಲಾನೂ ಸಿಗಲಿಲ್ಲಂದ್ರ ಈ ಕೆಲಸಾನ ಬಿಡಬೇಕಾಗತೈತ್ರಿ ಅಕ್ಕಾರ" ಎಂದರು.

ಈ ವರ್ಷ ಫೋನ್ ಬಂದ ದಿನ ಹುಲ್ಲಪ್ಪ ಬಾಗಿಲ ಹಿಂದಿನ ಕಸಬರಿಗೆ, ಒಂದು ಹೊರೆ ಬೇವಿನ ಸೊಪ್ಪು ಹಿಡಿದು ಹೊರಟ.

"ಎಲ್ಲಿಗೋ ತಮ್ಮಾ?"

"ಗವಿಗೆ. ನಾಳೆ ಬಾಯಾರು ಬರ್ತಾರ. ಗುಡಿಸಿ ಹೊಗಿ ಹಾಕಿ ಬರ್ತೇನಿ."

"ಪ್ರತಿ ಸಲ ಹಾಕೀಯೇನು?"

"ಮತ್ತ? ಕಾಲೇಜಿನವ್ರನ್ನ ಕುರಿ ಹಿಕ್ಕಿ ಮ್ಯಾಲೆ ಕೂಡಸ್ಲೇನು?"

"ಅಲ್ಲಿ ಕಟ್ಟಿರೋ ಜೇಡರ ಬಲಿ?"

"ಬಲಿನೂ ತಗೀತೇನಿ. ಮುಖಕ್ಕ ಹತ್ತತಾವ..." ಎಂದವನು ಅಲ್ಲೇ ನಿಂತುಬಿಟ್ಟ.

"ಜೇಡ ನೋಡಾಕ ಬರೋರಿಗೆ ಬಲಿ ತಗದು ಕೊಟ್ಟೆಲ್ಲೋ ಶ್ಯಾಣ್ಯಾ!"

ಅವನು ನಗಲಿಲ್ಲ. ಕಸಬರಿಗೆಯನ್ನು ಇದ್ದಲ್ಲೇ ಇಟ್ಟು ಹೊಸ್ತಿಲ ಮೇಲೆ ಕುಳಿತ.

ಮರುದಿನ ನಾನೂ ಗುಡ್ಡ ಹತ್ತಿದೆ. ಗವಿಯ ಬಾಯಲ್ಲಿ ನಿಂತು ಹುಲ್ಲಪ್ಪ ತಲೆ ತಗ್ಗಿಸಿ ಎಲ್ಲವನ್ನೂ ಹೇಳಿದ. ಬಾಯಾರು ಬಗ್ಗಿ ಗವಿಯ ನೆಲ ನೋಡಿದರು.

"ಬಿರುಕಿನ್ಯಾಗಿನ ಹೆಣ್ಣು ಉಳದಾವು, ಹೊರಗ ತಿರುಗೋ ಗಂಡು ಹೊಗಿಗೆ ಸತ್ತು ಹೋಗ್ಯಾವು. ನಂದೂ ತಪ್ಪೈತ್ರಿ. ಕುರಿ ನಿಲ್ಲೋ ಗವಿ ಇಷ್ಟು ಸ್ವಚ್ಛ ಹೆಂಗಂತ ನಾನೂ ಕೇಳಲಿಲ್ಲ."

ಬ್ಯಾಟರಿ ಬೆಳಕು ಬಿಟ್ಟು ಎರಡು ತಾಸು ಹುಡುಕಿದರು. ಹೆಣ್ಣು ಒಂಬತ್ತು, ಗಂಡು ಒಂದೂ ಇಲ್ಲ. ಸೊಂಟ ಹಿಡಿದುಕೊಂಡು ಕಲ್ಲೊಂದರ ಮೇಲೆ ಕೂಡಲು ಹೋದರು. ಹುಲ್ಲಪ್ಪನಿಗೆ ತಡೆಯಲಾಗಲಿಲ್ಲ. ಕಂಬಳಿಯ ತುದಿ ಹಿಡಿದು ಕಲ್ಲು ಒರೆಸಲು ಬಾಗಿದ. ಅವನ ಕೈ ಹಾಗೇ ನಿಂತಿತು.

"ಬಾಯಾರ, ಕೂಡಬ್ಯಾಡ್ರಿ."

ಕಲ್ಲಿನ ಅಂಚಿನ ಹರಿದ ಬಲೆಯಲ್ಲಿ ಸಜ್ಜೆ ಕಾಳಿನಷ್ಟೊಂದು ಜೇಡ. ಮುಂದಿನ ಗಿಡ್ಡ ಕೈಗಳ ತುದಿ ಎರಡೂ ಉಬ್ಬಿದ್ದವು.

ಅದನ್ನು ಸೀಸೆಗೆ ಹಾಕಿಕೊಂಡು ಬಾಯಾರು ಅದೇ ಕಲ್ಲಿನ ಮೇಲೆ, ಧೂಳಿನಲ್ಲೇ ಕುಳಿತುಬಿಟ್ಟರು. ಹುಲ್ಲಪ್ಪ ನೋಡಲಾರದೆ ಮುಖ ಆಚೆ ತಿರುಗಿಸಿದ.

ದೀಪಾವಳಿಯ ಹೊತ್ತಿಗೆ ಅವರ ಫೋನ್ ಬಂತು. ಆ ಉಬ್ಬು ಬೇರೆ ಯಾವುದನ್ನೂ ಹೋಲುವುದಿಲ್ಲ, ಜೇಡ ಹೊಸ ಜಾತಿಯೇ. ಬರೆದದ್ದನ್ನು ತೋರಿಸಲು ಮನೆಗೆ ಬರುತ್ತೇನೆ ಎಂದರು. ಫೋನಿಟ್ಟವನೇ ಹುಲ್ಲಪ್ಪ ಬಾಗಿಲ ಹಿಂದೆ ಕೈ ಹಾಕಿದ. ನಾನು ನೋಡಿದೆ.

"ಗವಿಗಲ್ಲ ಯಕ್ಕಾ," ಎಂದ, "ಅಂಗಳಕ್ಕ."