ಮಲ್ಕಾಜ್‌ಗಿರಿಗೆ ಒಯ್ದ ನಕ್ಷೆ

ಬೇಗಂಪೇಟೆಯಿಂದ ಎಂಟು ಗಂಟೆಯ ಬಸ್ಸು ಹತ್ತಿದಾಗ ನನ್ನ ಚೀಲದಲ್ಲಿ ಚಪಾತಿ ಡಬ್ಬಿ, ಒಂದು ನಕ್ಷೆ, ಹೆಬ್ಬೆಟ್ಟಿಗೆ ಬೇಕಾದ ಮಸಿಯ ಡಬ್ಬಿ ಇದ್ದವು. ಮಸಿ ಸೋರೀತೆಂದು ಮೂರು ಸುತ್ತು ಬಟ್ಟೆ ಸುತ್ತಿದ್ದೆ. ನಮ್ಮವರು ಸರ್ಕಾರಿ ಎಂಜಿನಿಯರು. ಕಾಲು ಮುರಿದು ಪ್ಲಾಸ್ಟರ್ ಹಾಕಿಸಿಕೊಂಡು ಮನೆಯಲ್ಲಿದ್ದರು. ಮಲ್ಕಾಜ್‌ಗಿರಿಯಲ್ಲಿ ರೈಲು ಹಳಿಯಾಚೆಯ ಕೂಲಿಕಾರರ ಬಸ್ತಿಗೆ ಅವರು ಸಂಡಾಸಿನ ಸಾಲೊಂದರ ನಕ್ಷೆ ಬರೆದಿದ್ದರು. ಅಲ್ಲಿನ ಹೆಂಗಸರ ಒಪ್ಪಿಗೆ ಮರುದಿನವೇ ಕಚೇರಿಗೆ ಮುಟ್ಟಬೇಕು, ಇಲ್ಲವಾದರೆ ಕೆಲಸ ಬೇರೆ ಬಸ್ತಿಯ ಪಾಲು.

“ಗಂಡಸರು ಹೋದ್ರ ಅವರು ಬಾಗಲಾನ ತೆಗ್ಯೂದಿಲ್ಲ. ನೀ ಓದಿ ಹೇಳು, ಹೆಬ್ಬಟ್ಟು ಒತ್ತಿಸ್ಕೊಂಡು ಬಾ. ಅಷ್ಟ,” ಎಂದಿದ್ದರು.

ಅಷ್ಟೇ! ಕಾನ್ವೆಂಟಿನಲ್ಲಿ ಕಿರುಬೆರಳು ಎತ್ತಿ ಅಪ್ಪಣೆ ಕೇಳುತ್ತಿದ್ದವಳು ನಾನು. ಸಂಡಾಸು ಎಂಬ ಶಬ್ದವನ್ನೇ ಹತ್ತು ಜನರೆದುರು ಹೇಗೆ ಆಡಲಿ?

ಸಿಕಂದರಾಬಾದಿನಲ್ಲಿ ಬಸ್ಸು ಬದಲಿಸಿದೆ. ಚಿಲ್ಲರೆ ಇಲ್ಲವೆಂದು ಕಂಡಕ್ಟರು ತೆಲುಗಿನಲ್ಲಿ ರೇಗಿದ. ಇಳಿದು, ಹಳಿ ದಾಟಿ, ಅರ್ಧ ಮೈಲಿ ಬಿಸಿಲಲ್ಲಿ ನಡೆದೆ. ಕಾಲಡಿ ಎಲ್ಲೆಲ್ಲೂ ಹಾಸುಬಂಡೆ. ಮನೆಮನೆಗೂ ಗುಂಡಿ ತೋಡಲಾಗದು ಎಂದು ನಮ್ಮವರು ಹೇಳಿದ್ದು ಇದಕ್ಕೇ.

ಕಲ್ಲೊಡೆಯುವ ಕೆಲಸಕ್ಕೆ ಯಾದಗಿರಿ ಕಡೆಯಿಂದ ಬಂದವರ ಮನೆಗಳವು. ಹಿರಿಯಳಾದ ಯಲ್ಲವ್ವ ಚಾಪೆ ಹಾಸಿ, ಒಡಕಿಲ್ಲದ ಒಂದೇ ಬಸಿಯಲ್ಲಿ ನನಗೆ ಚಹಾ ಕೊಟ್ಟಳು. ನಕ್ಷೆ ಓದಿ ಹೇಳಿದೆ. ಸುತ್ತ ಕೂತ ಹೆಂಗಸರು ಒಂದೊಂದು ಮಾತಿಗೂ “ಹೂಂರೀ ಬಾಯಾರ, ನೀವು ಹೇಳಿದ್ದಾ ಖರೆ” ಎಂದರು. ನಕ್ಷೆಯ ಹಾಳೆಯ ಮೇಲೆ ಹೆಬ್ಬೆಟ್ಟುಗಳು ಹತ್ತೇ ನಿಮಿಷದಲ್ಲಿ ಬಿದ್ದವು.

ಬೆಳಿಗ್ಗೆಯಿಂದ ತಡೆದುಕೊಂಡಿದ್ದೆ, ಮೇಲೆ ಚಹಾ ಬೇರೆ. ಬಾಯಿ ಬರದೆ ಯಲ್ಲವ್ವನೆದುರು ಕಿರುಬೆರಳು ಎತ್ತಿಬಿಟ್ಟೆ.

“ಅಯ್ಯ, ಸಂಡಾಸ ಕಟ್ಟಿಸಾಕ ಬಂದ ಬಾಯಾರಿಗೇ ಅರ್ಜಂಟ್ ಆಗೇತಿ!” ಎಂದು ಅವಳ ಸೊಸೆ ದುರ್ಗಿ ನಕ್ಕಳು. ಏಳು ತಿಂಗಳ ಬಸುರಿ, ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು.

“ಹಗಲೊತ್ತಿನಾಗ ನಾವು ಹೋಗಂಗಿಲ್ರಿ,” ಎಂದಳು ಯಲ್ಲವ್ವ. ಆದರೂ ಬಂಡೆಯ ಮರೆಗೆ ಕರೆದೊಯ್ದರು. ನಾಲ್ವರು ಬೆನ್ನು ತಿರುಗಿಸಿ, ಸೆರಗು ಹರಡಿ ನಿಂತರು.

ಬರುವಾಗ, ನಕ್ಷೆಯಲ್ಲಿನ ಜಾಗ ತೋರಿಸಿರೆಂದೆ. ಅಲ್ಲಿಗಿದ್ದ ಒಂದೇ ದಾರಿ ಸೇಂದಿ ಕುಡಿಯುವ ದುಕಾನದ ಮುಂದೆ ಹಾಯುತ್ತಿತ್ತು. ಬೆಂಚಿನ ಮೇಲಿದ್ದ ಗಂಡಸರಲ್ಲಿ ಒಬ್ಬ ಸೀಟಿ ಹೊಡೆದ. ದುರ್ಗಿ ನಿಂತುಬಿಟ್ಟಳು. “ಇಲ್ಲಿಂದ ಮುಂದ ನಾ ಬರಂಗಿಲ್ರಿ.”

“ಮತ್ಯಾಕ ಹೆಬ್ಬಟ್ಟು ಒತ್ತಿದಿ?” ಎಂದು ಕೇಳಿದೆ.

“ಬಿಸಲಾಗ ನಮ್ಮ ಮನಿಗಿ ಬಂದೀರಿ. ಬಂದವರಿಗೆ ಒಲ್ಲೆ ಅಂತ ಹ್ಯಾಂಗ ಅನ್ನೂದ್ರಿ?”

ಇದೇ ಹಾಳೆ ಕೊಟ್ಟರೆ ಯಾರೂ ಕಾಲಿಡದ ಸಂಡಾಸು, ಕೊಡದಿದ್ದರೆ ಅದೂ ಇಲ್ಲ.

“ಹಂಗಾರ ಎಲ್ಲಿ ಬೇಕು? ಈಗ ಒಲ್ಲೆ ಅನ್ರಿ, ನನಗ ಸಿಟ್ಟಿಲ್ಲ,” ಎಂದೆ.

ಎಲ್ಲರೂ ಒಮ್ಮೆಲೇ ಮಾತಾಡಿದರು. ನಳಕ್ಕೆ ಹೋಗುವ ದಾರಿಯಲ್ಲಿ ಬೇಕು, ಕೊಡ ಹಿಡಿದು ಹೋದರೆ ಯಾರೂ ಕಣ್ಣಿಡುವುದಿಲ್ಲ. ಉದ್ದ ಸಾಲು ಬೇಡ, ನಾಲ್ಕು ಮನೆಗೊಂದು ಇರಲಿ, ಕೀಲಿ ತಮ್ಮ ಕೈಯಲ್ಲಿರಲಿ. “ಎಲ್ಲಾರದೂ ಅಂದ್ರ ತೊಳಿಯೋರ್ಯಾರು?” ಎಂದಳೊಬ್ಬಳು.

“ಹೊಲಸು ನೀರು ನಳದಿಂದ ದೂರ, ತಗ್ಗಿಗೆ ಹೋಗ್ಬೇಕಲ್ಲ? ನಡುವ ಹಾಸುಬಂಡಿ ಐತಿ,” ಎಂದೆ.

ಯಲ್ಲವ್ವ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. “ಬಂಡಿ ಒಡಿಯೂದು ನಮಗ ಯಾರು ಕಲಿಸ್ಬೇಕ್ರಿ ಬಾಯಾರ? ಪೈಪಿನ ದಾರಿ ನಾವಾ ಮಾಡ್ತೀವಿ.”

ಹಾಳೆಯ ಹಿಂಬದಿಗೆ, ದುಕಾನದ ಮಾತೂ ಸೇರಿಸಿ, ಅವರು ಹೇಳಿದಂತೆ ಬರೆದೆ, ಓದಿದೆ, ಎರಡು ಸಲ ತಿದ್ದಿಸಿಕೊಂಡೆ. ಮಸಿ ಒಣಗಿತ್ತು. ನೀರು ಹನಿಸಿ ಮತ್ತೆ ಹೆಬ್ಬೆಟ್ಟು ಒತ್ತಿಸಿದೆ.

ಮರಳುವ ಬಸ್ಸಿನಲ್ಲಿ ದಾರಿಯುದ್ದಕ್ಕೂ ಚೀಲವನ್ನು ಅಪ್ಪಿಕೊಂಡೇ ಕೂತಿದ್ದೆ. ಅಧಿಕಾರಿಯ ನಕ್ಷೆಯನ್ನು ಹೆಂಡತಿ ಕೆಡಿಸಿದಳೆಂದರೆ?

“ಶಾಬಾಸ್, ಎಲ್ಲಾರೂ ಒತ್ಯಾರ!” ಎಂದರು ನಮ್ಮವರು ಹಾಳೆ ನೋಡಿ.

“ತಿರುವಿ ನೋಡ್ರಿ.”

ಬಹಳ ಹೊತ್ತು ಓದಿದರು. “ಆ ದುಕಾನ ನಾನೂ ನೋಡೇನಿ. ಅದು ದಾರಿಗೆ ಅಡ್ಡ ಐತಿ ಅಂತ ಅನಸಲಿಲ್ಲ ನೋಡು,” ಎಂದರು. ಮತ್ತೆ, “ನಾಳೆ ಕಚೇರಿಯೊಳಗ ಒಪ್ತಾರೋ ಇಲ್ಲೋ.”

“ದುರ್ಗಿಗೆ ಏಳನೇ ತಿಂಗಳ್ರೀ,” ಎಂದೆ.

ಅವರು ಸ್ಕೇಲು ಕೇಳಿದರು. ಪ್ಲಾಸ್ಟರಿನ ಕಾಲ ಮೇಲೆ ಹಲಗೆ ಇಟ್ಟುಕೊಂಡು, ಮೊದಲು ನಳದ ದಾರಿಯ ಗೆರೆ ಎಳೆದರು.