ಹೆಸರಿಲ್ಲದ ಕುರ್ಚಿಗಳು

ದೊಡ್ಡಪ್ಪನ ಬಗ್ಗೆ ನಾಲ್ಕು ಮಾತು ಬರೆದುಕೊಡಬೇಕೆಂದು ವರ್ತಕರ ಸಂಘದವರು ಕೇಳಿದಾಗ ನಾನು ಮೊದಲು ಹೋಗಿ ಕೂತದ್ದು ನನ್ನ ಅಪ್ಪನ ಎದುರಿಗೆ. ದೊಡ್ಡಪ್ಪನನ್ನು ಅವರಷ್ಟು ಗಮನವಿಟ್ಟು ನೋಡಿದವರು ಊರಲ್ಲಿ ಇನ್ನೊಬ್ಬರಿಲ್ಲ. ಕಟ್ಟಿಕೊಂಡ ದೊಡ್ಡಮ್ಮ ಕೂಡ ಅಷ್ಟು ನೋಡಿರಲಾರರು. ಅಪ್ಪನ ಹೊಟ್ಟೆಕಿಚ್ಚಿಗೆ ಭಾನುವಾರವೂ ರಜೆ ಇರಲಿಲ್ಲ.

"ಏನಾದ್ರೂ ಬರ್ಕೋ," ಅಂದರು ಅಪ್ಪ. "ಆದ್ರೆ ಅವನು ಹೋದ ದಿನ ಅವನ ಮನೆ ಮುಂದೆ ಹಾಕಿದ್ದು ನನ್ನ ಕುರ್ಚಿ ಅಂತ ಬರಿ. ದಪ್ಪ ಅಕ್ಷರದಲ್ಲಿ ಬರಿ."

ದೊಡ್ಡಪ್ಪ ಎಂದರೆ ನನ್ನ ಅಮ್ಮನ ಅಕ್ಕನ ಗಂಡ, ಅಪ್ಪನಿಗೆ ಷಡ್ಡಕ. ಊರಿಗೆ ಮಾತ್ರ ಅವರು ಕುರ್ಚಿ ಅಣ್ಣ. ಮದುವೆ, ಸಭೆ, ಸಮಾರಂಭಗಳಿಗೆ ಕುರ್ಚಿ, ಶಾಮಿಯಾನ, ದೊಡ್ಡ ಪಾತ್ರೆಗಳನ್ನು ಬಾಡಿಗೆಗೆ ಕೊಡುವುದು ಅವರ ವ್ಯಾಪಾರ. ಹರೆಯದಲ್ಲಿ ಅವರು ಬಡಗಿಯೊಬ್ಬರ ಕೈಕೆಳಗೆ ಕೆಲಸಕ್ಕಿದ್ದರು. ದೊಡ್ಡಪ್ಪನ ತಂದೆ ತೀರಿಕೊಂಡ ದಿನ ಮನೆಯಲ್ಲಿ ಕೂರಲು ಒಂದು ಮಣೆಯೂ ನೆಟ್ಟಗಿರಲಿಲ್ಲವಂತೆ. ಎದುರಿನ ಹೋಟೆಲಿನಿಂದ ಎರಡು ಬೆಂಚು ತಂದು ಹಾಕಿದರು. ಮಧ್ಯಾಹ್ನ ಗಿರಾಕಿಗಳು ಬರುವ ಹೊತ್ತಿಗೆ ಹೋಟೆಲಿನವನು ಬಂದು, ಕೂತಿದ್ದ ಮುದುಕರನ್ನು ಎಬ್ಬಿಸಿ, ಬೆಂಚು ಹೊತ್ತುಕೊಂಡು ಹೋದ. ದೊಡ್ಡಪ್ಪ ಅದನ್ನು ಬಾಯಿಬಿಟ್ಟು ಯಾರಿಗೂ ಹೇಳಿರಲಿಲ್ಲ. ನನಗೆ ಹೇಳಿದ್ದು ಅಪ್ಪ. ಅಪ್ಪ ಅದನ್ನೂ ಎಲ್ಲಿಂದಲೋ ಕೆದಕಿ ತಂದಿದ್ದರು.

ದೊಡ್ಡಪ್ಪನ ಗೋದಾಮಿನಲ್ಲಿ ಎರಡು ಬಗೆಯ ಕಬ್ಬಿಣದ ಮಡಚುವ ಕುರ್ಚಿಗಳಿದ್ದವು. ಬೆನ್ನಿನ ಮೇಲೆ ಅಂಗಡಿಯ ಹೆಸರಿದ್ದ ನೀಲಿ ಕುರ್ಚಿಗಳು ಮದುವೆಗೆ. ಹೆಸರಿಲ್ಲದ ಬೂದು ಕುರ್ಚಿಗಳು ಸಾವಿನ ಮನೆಗೆ. ಊರಿನಲ್ಲಿ ಯಾರೇ ಸತ್ತರೂ, ಕರೆಯುವ ಮೊದಲೇ ಆ ಬೂದು ಕುರ್ಚಿಗಳು ಹೋಗಿ ನಿಲ್ಲುತ್ತಿದ್ದವು. ಬಾಡಿಗೆಯ ಮಾತೇ ಇಲ್ಲ. ಹೆಸರು ಯಾಕಿಲ್ಲ ಎಂದು ನಾನೊಮ್ಮೆ ಕೇಳಿದ್ದೆ.

"ಅಳ್ತಾ ಬಂದೋರಿಗೆ ನನ್ನ ಹೆಸರು ಓದಿಸಿ ಏನಾಗ್ಬೇಕಿದೆ ಮಗಾ?" ಅಂದಿದ್ದರು.

ಮನೆಗೆ ಬಂದು ಇದನ್ನು ಹೇಳಿದಾಗ ಅಪ್ಪ ಊಟದ ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು. "ಅದು ವ್ಯಾಪಾರದ ಪಟ್ಟು ಕಣೋ! ಹೆಸರು ಹಾಕದೇ ಇರೋ ಕುರ್ಚಿ ಊರಲ್ಲಿ ಅವನದ್ದು ಮಾತ್ರ. ಕುರುಡನೂ ಗುರುತು ಹಿಡೀತಾನೆ."

"ನಮ್ಮ ಭಾವನ ಮೇಲೆ ನಿಮಗ್ಯಾಕೆ ಅಷ್ಟು ಉರಿ?" ಅಂದಳು ಅಮ್ಮ.

"ಓಹೋ, ನಿಮ್ಮ ಭಾವ! ಹೋಗು, ಅವನ ಕುರ್ಚಿ ಒರೆಸು ಹೋಗು."

ಅಮ್ಮ ನಿಜಕ್ಕೂ ಹೋಗುತ್ತಿದ್ದಳು. ನಾವು ಮಕ್ಕಳೂ ಹೋಗುತ್ತಿದ್ದೆವು. ಕುರ್ಚಿಗಳನ್ನು ಲಾರಿಗೆ ಏರಿಸುವ ಮೊದಲು ಒಂದೊಂದರ ಮೇಲೂ ಯಾರಾದರೂ ಕೂತು ನೋಡಲೇಬೇಕು ಎನ್ನುವುದು ದೊಡ್ಡಪ್ಪನ ನಿಯಮ. ಕೀಲು ಸಡಿಲವಾಗಿ ಯಾವುದೋ ಅಜ್ಜ ಮುಗ್ಗರಿಸಿದರೆ ಎನ್ನುವ ಭಯ ಅವರಿಗೆ. ಹಾಗಾಗಿ ಅವರ ಹೆಣ್ಣುಮಕ್ಕಳು, ಮಗ, ನಾವು, ಅಮ್ಮ, ದೊಡ್ಡಮ್ಮ ಎಲ್ಲ ಸಾಲಾಗಿ ಕೂತು, ಎದ್ದು, ಪಕ್ಕಕ್ಕೆ ಸರಿದು, ಮತ್ತೆ ಕೂರುತ್ತಿದ್ದೆವು. ಸೊಂಟಕ್ಕೆ ಸ್ಪ್ಯಾನರ್ ಸಿಕ್ಕಿಸಿಕೊಂಡ ದೊಡ್ಡಪ್ಪ, ಎಲ್ಲಿ ಕಿರ್ರೆಂದರೆ ಅಲ್ಲಿಗೆ ಓಡಿ ಬರುತ್ತಿದ್ದರು. ಊರಿನ ಸುದ್ದಿ, ಮಗಳ ಮುನಿಸು, ದೊಡ್ಡಮ್ಮನ ಮಂಡಿನೋವು ಎಲ್ಲವೂ ಅಲ್ಲೇ ಇತ್ಯರ್ಥವಾಗುತ್ತಿದ್ದವು. ಆ ನಗು ರಸ್ತೆ ದಾಟಿ ಅಪ್ಪನ ಸೈಕಲ್ ಅಂಗಡಿಗೆ ಕೇಳಿಸುತ್ತಿತ್ತು. ತನ್ನ ಹೆಂಡತಿ ಮಕ್ಕಳು ಅಲ್ಲಿ ನಗುತ್ತಿದ್ದಾರೆ, ತಾನಿಲ್ಲಿ ಪಂಕ್ಚರ್ ಹುಡುಕುತ್ತಿದ್ದೇನೆ ಎನ್ನುವುದು ಅಪ್ಪನಿಗೆ ನುಂಗಲಾರದ ತುತ್ತಾಗಿತ್ತು.

ಒಂದು ದಿನ ಸೈಕಲ್ ಅಂಗಡಿ ಮುಚ್ಚಿದರು. ಅದೇ ಜಾಗದಲ್ಲಿ ಕೆಂಪು ಪ್ಲಾಸ್ಟಿಕ್ ಕುರ್ಚಿಗಳ ಗೋಪುರಗಳು ಎದ್ದವು. ಪ್ರತಿ ಕುರ್ಚಿಯ ಬೆನ್ನಿಗೂ ಬಿಳಿ ಬಣ್ಣದಲ್ಲಿ ಅಪ್ಪನ ಪೂರ್ತಿ ಹೆಸರು, ಕೆಳಗೆ ಫೋನ್ ನಂಬರು.

ದೊಡ್ಡಪ್ಪ ರಸ್ತೆ ದಾಟಿ ಬಂದರು. "ಏನಯ್ಯಾ ಷಡ್ಡಕ, ಬಣ್ಣ ಚೆನ್ನಾಗಿದೆ. ಮಡಚೋ ಕಾಟವೂ ಇಲ್ಲ. ನನ್ನ ಹತ್ರ ಸಾಲದೇ ಬಂದಾಗ ಗಿರಾಕಿಗಳನ್ನ ಈ ಕಡೆ ಕಳಿಸ್ತೀನಿ, ಆಯ್ತಾ?"

ಹೇಳಿದಂತೆ ಕಳಿಸಿದರು. ಅದೇ ತೊಂದರೆಯಾಯಿತು. ಬಂದವರೆಲ್ಲ ಬಾಗಿಲಲ್ಲೇ, "ಕುರ್ಚಿ ಅಣ್ಣ ಕಳಿಸಿದ್ರು," ಅನ್ನುತ್ತಿದ್ದರು. ಕೆಂಪು ಕುರ್ಚಿ ಹಾಕಿದ ಮದುವೆಯಲ್ಲೂ, "ಕುರ್ಚಿ ಅಣ್ಣ ಹೊಸ ಮಾಲು ತಂದಿದ್ದಾರೆ ನೋಡಿ," ಎಂದು ಜನ ಮಾತಾಡಿಕೊಂಡರು. ಅಷ್ಟು ದಪ್ಪಕ್ಕೆ ಬರೆಸಿದ ಹೆಸರನ್ನು ಓದುವವರಿಲ್ಲ. ಊರು ಒಂದೇ ಒಂದು ಸಲ "ಇದು ಇವರ ಕುರ್ಚಿ" ಎಂದು ಅಪ್ಪನ ಹೆಸರು ಹೇಳಬೇಕು. ಅಪ್ಪನಿಗೆ ಬೇಕಾಗಿದ್ದುದು ಅಷ್ಟೇ.

ನಾನು ಡಿಗ್ರಿ ಪಾಸಾದೆ. ಎರಡೂ ಮನೆಗಳಲ್ಲಿ ಅಷ್ಟು ಓದಿದವನು ನಾನೇ ಮೊದಲು. ಅಪ್ಪ ಸಿಹಿ ತರಲು ಪೇಟೆಗೆ ಹೋಗಿ ಬರುವಷ್ಟರಲ್ಲಿ ದೊಡ್ಡಪ್ಪ ನಮ್ಮ ಮನೆಯ ಮುಂದೆ ನೀಲಿ ಕುರ್ಚಿ ಹಾಕಿಸಿ, ಬೀದಿಯವರನ್ನೆಲ್ಲ ಕೂರಿಸಿಬಿಟ್ಟಿದ್ದರು. ಬಂದವರು ಕೈಕುಲುಕಿದ್ದು ದೊಡ್ಡಪ್ಪನಿಗೆ! ಅಪ್ಪ ಸಿಹಿಯ ಡಬ್ಬ ಹಿಡಿದು ಗೇಟಿನ ಹತ್ತಿರವೇ ನಿಂತರು.

"ನನ್ನ ಮಗನಪ್ಪಾ ಅವನು," ಅಂದರು ಯಾರಿಗೋ.

"ಹೌದಾ? ನೀವೂ ಕೂತ್ಕೊಳ್ಳಿ," ಅಂದರು ಅವರು.

ದೊಡ್ಡಪ್ಪ ಹೋದದ್ದು ಬೆಳಗಿನ ಹೊತ್ತು. ಸೇತುವೆಯಾಚೆ ಎಣ್ಣೆ ಗಾಣದವರ ತಾಯಿ ತೀರಿಕೊಂಡಿದ್ದರು. ಬೂದು ಕುರ್ಚಿಗಳನ್ನು ತಾವೇ ನಿಂತು ಲಾರಿಗೆ ಏರಿಸಿ ಕಳಿಸಿದರು. ಕೈ ತೊಳೆದು ಗೋದಾಮಿನ ಹೊಸ್ತಿಲ ಮೇಲೆ ಕೂತರು. ಏಳಲಿಲ್ಲ.

ಸುದ್ದಿ ಕೇಳಿ ಅಪ್ಪ ಓಡಿಹೋಗಿ ಬಂದಿದ್ದರು. ಟವೆಲಿನಲ್ಲಿ ಮುಖ ಒರೆಸುತ್ತಾ ನಮ್ಮ ಅಂಗಡಿಯಲ್ಲಿ ನಿಂತಿದ್ದಾಗ ದೊಡ್ಡಪ್ಪನ ಮಗ ಬಂದ.

"ಚಿಕ್ಕಪ್ಪ, ಕುರ್ಚಿ ಬೇಕಿತ್ತು."

"ನಿಮ್ಮನೇಲಿ ಕುರ್ಚಿಗೆ ಬರವೇನೋ?"

"ಬೂದುವೆಲ್ಲ ಸೇತುವೆ ಆಚೆ ಹೋಗಿವೆ. ನೀಲಿಯೆಲ್ಲ ಒಂದು ಮದುವೇಲಿವೆ. ವಾಪಸ್ ತರೋಣ ಅಂದೆ. ಮದುವೆ ಮನೆಯಿಂದ ಕುರ್ಚಿ ಎಳ್ಕೊಂಡು ಬಂದ್ರೆ ಅಪ್ಪ ಎದ್ದು ಬಂದು ಬೈತಾರೆ ಅಂತಾಳೆ ಅಮ್ಮ. ಜನ ಬಿಸಿಲಲ್ಲಿ ನಿಂತಿದ್ದಾರೆ."

ಅಪ್ಪ ಒಳಗೆ ಹೋದರು. ಎಷ್ಟು ಹೊತ್ತಾದರೂ ಹೊರಗೆ ಬರಲಿಲ್ಲ. ಇಣುಕಿ ನೋಡಿದೆ. ಅಪ್ಪ ಒಂದೊಂದೇ ಕೆಂಪು ಕುರ್ಚಿಯನ್ನು ಗೋಪುರದಿಂದ ಬಿಡಿಸಿ, ಅದರ ಮೇಲೆ ಕೂತು, ಹಿಂದೆ ಮುಂದೆ ಒರಗಿ, ಎದ್ದು, ಇನ್ನೊಂದರ ಮೇಲೆ ಕೂರುತ್ತಿದ್ದರು.

"ಏನು ನೋಡ್ತೀಯಾ? ಅವನ ಮನೆ ಮುಂದೆ ನನ್ನ ಕುರ್ಚಿ ಮುರಿದ್ರೆ ಊರೆಲ್ಲ ಏನನ್ನುತ್ತೆ? ಬಾ, ನೀನೂ ಕೂರು."

ಕೂತೆ. ಅಪ್ಪನ ಅಂಗಡಿಯಲ್ಲಿ ನಾವಿಬ್ಬರೂ ಹಾಗೆ ಕೂತದ್ದು ಅದೇ ಮೊದಲು.

ಕುರ್ಚಿಗಳನ್ನು ದೊಡ್ಡಪ್ಪನ ಮನೆಗೆ ಮುಖ ಮಾಡಿ ಹಾಕಿಸಿದರು. ಬೆನ್ನು ರಸ್ತೆಯ ಕಡೆಗಿತ್ತು. ಬೀದಿಯ ಉದ್ದಕ್ಕೂ ಬಿಸಿಲಿನಲ್ಲಿ ಅಪ್ಪನ ಹೆಸರು ಸಾಲುಸಾಲಾಗಿ ಹೊಳೆಯುತ್ತಿತ್ತು. ಆದರೆ ಜನ ಕೂರಲಿಲ್ಲ. ಅಲ್ಲಲ್ಲೇ ಗುಂಪಾಗಿ ನಿಂತರು. ಸಾವಿನ ಮನೆಯಲ್ಲಿ ರಟ್ಟೆ ಹಿಡಿದು ಕೂರಿಸುತ್ತಿದ್ದವರು ದೊಡ್ಡಪ್ಪ. ಈಗ ಕರೆಯುವವರಿಲ್ಲ.

ಅಪ್ಪ ಸ್ವಲ್ಪ ಹೊತ್ತು ನೋಡಿದರು. ಆಮೇಲೆ ತಾವೇ ಹೋದರು. "ಬನ್ನಿ ಮೇಷ್ಟ್ರೇ, ಕೂತ್ಕೊಳ್ಳಿ. ನೀವು ಈ ಕಡೆ ನೆರಳಿಗೆ ಬನ್ನಿ ಅಕ್ಕ." ಊರಿನ ಅರ್ಧ ಹೆರಿಗೆಗಳನ್ನು ಮಾಡಿಸಿದ ಸೂಲಗಿತ್ತಿ ಅಜ್ಜಿಯ ಕೈಹಿಡಿದು ಮುಂದಿನ ಸಾಲಿಗೆ ಕರೆತಂದರು. ಅಜ್ಜಿ ಕೂತು, ಬೆನ್ನು ಒರಗಿಸಿ, ನಿಟ್ಟುಸಿರು ಬಿಟ್ಟಳು.

"ಎಷ್ಟಾದ್ರೂ ಕುರ್ಚಿ ಅಣ್ಣನ ಕುರ್ಚಿ. ಬೆನ್ನಿಗೆ ಹಿತವಾಗಿದೆ."

"ಅಜ್ಜಿ, ಇದು ನಂದು," ಅಂದರು ಅಪ್ಪ.

"ಇರ್ಲಿ ಬಿಡಪ್ಪಾ. ನೀನೂ ಥೇಟ್ ಅವನ ಹಾಗೇ ಕೈ ಹಿಡಿದು ಕೂರಿಸ್ತೀಯ."

ಅಪ್ಪನ ಮುಖ ಆ ಕುರ್ಚಿಯ ಬಣ್ಣಕ್ಕೆ ತಿರುಗಿತು.

ಅಷ್ಟರಲ್ಲಿ ಸೇತುವೆಯ ಕಡೆಯಿಂದ ಜನ ಬಂದರು. ಗಾಣದ ಮನೆಯವರು. ತಮ್ಮ ತಾಯಿಯನ್ನು ಮಣ್ಣು ಮಾಡಿ, ಸುದ್ದಿ ತಿಳಿದು, ಲಾರಿಗೂ ಕಾಯದೆ ಬೂದು ಕುರ್ಚಿಗಳನ್ನು ಹೆಗಲ ಮೇಲೆ ಹೊತ್ತು ತಂದಿದ್ದರು. ಕೆಂಪು ಸಾಲುಗಳ ನಡುವೆ ಸಿಕ್ಕ ಸಿಕ್ಕಲ್ಲಿ ಬಿಚ್ಚಿ ಹಾಕಿದರು. ಅಪ್ಪ ಅಷ್ಟು ಅಚ್ಚುಕಟ್ಟಾಗಿ ಜೋಡಿಸಿದ್ದ ಹೆಸರು ಚೆಲ್ಲಾಪಿಲ್ಲಿಯಾಯಿತು.

ಆ ವಾರವೇ ನಮ್ಮ ಕುರ್ಚಿಗಳು ತೊಳೆಸಿಕೊಂಡು ವಾಪಸ್ ಬಂದವು. ಅವುಗಳ ಜೊತೆಗೆ ಒಂದು ಬೂದು ಕುರ್ಚಿಯೂ ಬಂದಿತ್ತು. ಕೊಟ್ಟುಬರುತ್ತೇನೆ ಎಂದು ನಾನು ಎತ್ತಿಕೊಂಡೆ.

"ಇಡು ಅಲ್ಲಿ," ಅಂದರು ಅಪ್ಪ.

ಈಗ ಅವರು ಅಂಗಡಿಯ ಬಾಗಿಲಲ್ಲಿ ಅದರ ಮೇಲೇ ಕೂರುತ್ತಾರೆ. ಮೊನ್ನೆ ಹಾಲಿನವನು ನಿಂತು ನೋಡಿ, "ಇದು ಕುರ್ಚಿ ಅಣ್ಣನದ್ದಲ್ವಾ?" ಅಂದ.

"ನಂದು."

"ಬೂದು ಕುರ್ಚಿ ಅವರದ್ದೇ..."

"ಅವನ ಹೆಸರು ಎಲ್ಲಿದೆ ತೋರಿಸು ನೋಡೋಣ!"

ದೊಡ್ಡಪ್ಪನ ಮಗ ಆಗ ಅಲ್ಲೇ ಟೀ ಕುಡಿಯುತ್ತಿದ್ದ. ಲೋಟ ಕೆಳಗಿಟ್ಟು, ಸೊಂಟದಿಂದ ಸ್ಪ್ಯಾನರ್ ತೆಗೆದು, "ಸ್ವಲ್ಪ ಏಳಿ ಚಿಕ್ಕಪ್ಪ, ಕಿರ್ರಂತಿದೆ," ಎಂದು ಕೀಲು ಬಿಗಿ ಮಾಡಿಕೊಟ್ಟ. ಅಪ್ಪ ಅವನು ಮುಗಿಸುವವರೆಗೂ ಒಂದು ಕೈಯನ್ನು ಕುರ್ಚಿಯ ಮೇಲೆ ಇಟ್ಟುಕೊಂಡೇ ನಿಂತಿದ್ದರು.