ಗುಂಡಿಯಕ್ಕನ ಮೇಜು

ಗುಂಡಿಯಕ್ಕ ಜಗ್ಗೋ ಪೈಕಿ ಅಲ್ಲ ಅಂತ ಆ ಬೀದಿಗೆಲ್ಲ ಗೊತ್ತಿತ್ತು. ನಾಣ್ಯ ಸಂಗ್ರಾಹಕರ ಸಂಘದ ಕಾರ್ಯದರ್ಶಿಗೆ ಮಾತ್ರ ಗೊತ್ತಿರಲಿಲ್ಲ, ಪಾಪ.

ಅವಳದು ಟೈಲರ್ ಸಾಮಾನಿನ ಅಂಗಡಿ. ಅಗಲ ಒಂದು ಬಾಗಿಲಿನಷ್ಟು. ಗುಂಡಿ, ಹುಕ್ಕು, ಲೇಸು, ದಾರದ ಉಂಡೆ ಇಡೋದಕ್ಕೆ ಗೋಡೆ ತುಂಬ ಪುಟ್ಟ ಪುಟ್ಟ ಮರದ ಖಾನೆಗಳು. ಖಾಲಿ ಬಿದ್ದ ಖಾನೆಗಳಲ್ಲೆಲ್ಲ ಹಳೇ ನಾಣ್ಯ. ಅದೂ ಎಂಥವು? ಇಂಗ್ಲಿಷರು ಒಂದು ಕಾಲಕ್ಕೆ ಆಳಿದ ದೇಶಗಳವು. ಗುಜರಿ ಅಂಗಡಿಯವನು ಹಿತ್ತಾಳೆ ಚೂರಿನ ಜೊತೆ ತಂದುಕೊಟ್ಟಿದ್ದು ಕೆಲವು, ಹಡಗಿನಲ್ಲಿ ದುಡಿದು ಬಂದ ಗಿರಾಕಿಗಳು ಜೇಬು ಕೊಡವಿ ಇಟ್ಟುಹೋಗಿದ್ದು ಕೆಲವು. ಈ ಹುಚ್ಚು ಹತ್ತಿದ್ದು ಚಿಕ್ಕಂದಿನಲ್ಲೇ. ಅಂಗಿಯ ಗುಂಡಿ ಕಿತ್ತುಹೋಗಿ, ಮನೆಯಲ್ಲಿ ಬೇರೆ ಸಿಗದೆ, ಅವಳಮ್ಮ ನಡುವೆ ತೂತಿದ್ದ ನಾಣ್ಯವೊಂದನ್ನೇ ಹೊಲಿದು ಕಳಿಸಿದ್ದಳು. ಶಾಲೆಯಲ್ಲಿ ಮಕ್ಕಳು ಕಿಸಕ್ಕಂತ ನಕ್ಕರೂ ಇವಳು ಎದೆ ಸೆಟೆಸಿಕೊಂಡೇ ಓಡಾಡಿದಳಂತೆ. ಅವಳನ್ನು ಕಂಡವರು ಇದನ್ನು ನಂಬಲೇಬೇಕು.

ನಾಣ್ಯ ವಿಂಗಡಿಸೋದೂ ಗುಂಡಿ ವಿಂಗಡಿಸಿದ ಹಾಗೇ. ತೂತಿನವು ಒಂದು ಕಡೆ, ಚೌಕದವು ಒಂದು ಕಡೆ, ಅಂಚು ಅಲೆಅಲೆ ಇರೋವು ಇನ್ನೊಂದು ಕಡೆ. ಮಲಯದ ಚೌಕದ ಸೆಂಟಿನ ಮಗ್ಗುಲಿಗೆ ಸಿಲೋನಿನ ಚೌಕದ ಐದು ಸೆಂಟು. ಯಾವ ರಾಜ, ಯಾವ ಇಸವಿ ಅಂತ ಕೇಳಿದಿರೋ, ದುರುಗುಟ್ಟಿ ನೋಡುತ್ತಾಳೆ. ಜೋಡಿಸೋವಾಗ ರಾಜನ ಮೋರೆ ಕೆಳಕ್ಕೆ. ಫಿಜಿಯ ಆಮೆ, ಪೂರ್ವ ಆಫ್ರಿಕಾದ ಸಿಂಹ, ಸಿಲೋನಿನ ತಾಳೆಮರ ಮೇಲಕ್ಕೆ.

“ಯಾವ ದೇಶದ್ದು ತೆಗೆದ್ರೂ ಅದೇ ಮುಖ. ಮನೆ ಅವರದು, ಗೋಡೆ ಮೇಲೆ ಫೋಟೋ ಇವನದು. ಸಾಕಾಯ್ತು!” ಅನ್ನೋಳು.

ಸಂಘದವರು ವರ್ಷಕ್ಕೊಂದು ಪ್ರದರ್ಶನ ನಡೆಸುತ್ತಿದ್ದರು. ತನಗೂ ಒಂದು ಮೇಜು ಕೊಡಿ ಅಂತ ಇವಳು ಕೇಳಿದ್ದೇ ಕೇಳಿದ್ದು, ಕೊನೆಗೂ ಸಿಕ್ಕಿತು. ಅದಕ್ಕೊಂದು ಷರತ್ತು ಬೇರೆ: ರಾಜರ ಕಾಲಕ್ಕೆ ತಕ್ಕಂತೆ ಸಾಲು, ರಾಜನ ತಲೆ ಇರೋ ಮಗ್ಗುಲು ಮೇಲಕ್ಕೆ. “ನೋಡೋಣ” ಅಂದಳು. ಅವಳು ನೋಡೋಣ ಅಂದರೆ ಆಗಲ್ಲ ಅಂತ ಅರ್ಥ. ಅದು ಚೆನ್ನಾಗಿ ಗೊತ್ತಿದ್ದವನು ಗಂಡ ಒಬ್ಬನೇ.

ಗಂಡ ಆಫೀಸೊಂದರಲ್ಲಿ ಜವಾನನಾಗಿ ನಿವೃತ್ತನಾದವನು. ಅದೇ ಆಫೀಸಿನಲ್ಲಿ ದೊಡ್ಡ ಸಾಹೇಬನಾಗಿದ್ದವನೇ ಈಗ ಸಂಘದ ಕಾರ್ಯದರ್ಶಿ. ಬೆಲ್ ಕೇಳಿದ ತಕ್ಷಣ ಓಡಿ, “ಆಗ್ಲಿ ಸಾರ್” ಅಂದು ಅಂದು ಅವನ ನಾಲಿಗೆಯಲ್ಲಿ ಬೇರೆ ಮಾತೇ ಹೊರಳದ ಹಾಗಾಗಿತ್ತು.

“ಒಂದಿನದ ಮಾತು ಕಣೇ, ತಿರುಗಿಸಿಟ್ಬಿಡು. ಸಾಹೇಬ್ರಿಗೆ ಎದುರು ಹೇಳಿ ಅಭ್ಯಾಸ ಇಲ್ಲ ನಂಗೆ.”

“ನಿಮ್ಗಿಲ್ಲ. ನಂಗಿದೆ.”

ಸಂಘದಿಂದ ತೆಗೆದುಹಾಕಿದರೂ ಅವಳಿಗೆ ಚಿಂತೆಯಿಲ್ಲ. ಇಷ್ಟು ಕಾಲ ಒಟ್ಟಿಗೆ ಬಾಳಿದ ಮನುಷ್ಯ ಒಂದೇ ಒಂದು ಸಲ ತನ್ನ ಕಡೆ ನಿಲ್ಲಬಾರದಾ ಅನ್ನೋದೇ ಅವಳ ದುಃಖ.

ಪ್ರದರ್ಶನದ ಹಿಂದಿನ ಸಂಜೆ ಸಂಘದ ಹಾಲ್‌ಗೆ ಹೋಗಿ ತನ್ನಿಷ್ಟದಂತೆ ಜೋಡಿಸಿ ಬಂದಳು. ಬೆಳಿಗ್ಗೆ ಗಂಡನ ಜೊತೆ ಹೋಗಿ ನೋಡಿದರೆ ಮೇಜಿನ ತುಂಬ ರಾಜರು! ಒಬ್ಬರ ಹಿಂದೊಬ್ಬರು ಸಾಲಾಗಿ ಮಲಗಿದ್ದಾರೆ. ತೂತಿನವು ಒಂದೂ ಕಾಣಲಿಲ್ಲ.

“ನನ್ನ ತೂತಿನ ಕಾಸೆಲ್ಲಿ?” ಅಂದಳು ಕಾರ್ಯದರ್ಶಿಗೆ.

“ನೋಡಿಮ್ಮ, ಅವುಗಳಲ್ಲಿ ತಲೆನೇ ಇಲ್ಲ. ಯಾವ ಸಾಲಿಗೆ ಸೇರಿಸ್ಲಿ? ಅದಕ್ಕೇ ಕವರಿಗೆ ಹಾಕಿ ಮೇಜಿನ ಕೆಳಗಿಟ್ಟೆ.”

ಅಷ್ಟೇ. ಅವಳ ಮೈಯೆಲ್ಲ ಧಗಧಗ ಉರಿದುಹೋಯಿತು. ಕವರು ಎಳೆದುಕೊಂಡು, ಮುಂದಿನ ಸಾಲಿನ ರಾಜರನ್ನೆಲ್ಲ ಕೈಯಲ್ಲೇ ಪಕ್ಕಕ್ಕೆ ಸರಿಸಿ, ತೂತಿನವನ್ನು ಅಲ್ಲಿ ಸುರಿದಳು. ಉಳಿದವನ್ನು ಒಂದೊಂದಾಗಿ ಮಗುಚಿಹಾಕತೊಡಗಿದಳು.

“ಏನ್ರೀ ಇದು! ಅತಿಥಿಗಳು ಬರೋ ಹೊತ್ತು! ಒಂದೋ ನಿಯಮದ ಪ್ರಕಾರ ಇಡಿ, ಇಲ್ಲಾ ಜಾಗ ಖಾಲಿ ಮಾಡಿ.”

“ಎರಡೂ ಮಾಡಲ್ಲ. ಅದೇನು ಕಿಸೀತೀರೋ ಕಿಸೀರಿ.”

ಅಕ್ಕಪಕ್ಕದ ಮೇಜಿನವರು ಭೂತಗನ್ನಡಿ ಕೆಳಗಿಟ್ಟು ಇತ್ತ ನೋಡಿದರು. ಕಾರ್ಯದರ್ಶಿಯ ಮುಖ ಕೆಂಪೇರಿತು. ಹೆಂಗಸಿನ ಮೈಮೇಲೆ ಬೀಳೋ ಹಾಗಿಲ್ಲ. ಗಂಡನ ಕಡೆ ತಿರುಗಿ, ಆಫೀಸಿನ ಹಳೇ ದನಿಯಲ್ಲೇ ಅಂದ:

“ಏನಯ್ಯ, ನೋಡ್ತಾ ನಿಂತಿದ್ದೀಯಲ್ಲ? ಎತ್ತು ಈ ಮೇಜನ್ನ, ಆಚೆಗಿಡು.”

ಗಂಡ ಮುಂದಕ್ಕೆ ಬಂದ. ಬಗ್ಗಿದ. ಎರಡೂ ಕೈ ಮೇಜಿನ ಅಂಚು ಹಿಡಿದವು. ಗುಂಡಿಯಕ್ಕನ ಕಣ್ಣು ತುಂಬಿಬಂತು. ಆ ಕೈಗಳನ್ನು ನೋಡಲಾರದೆ ಮುಖ ತಿರುಗಿಸಿದಳು.

ಮೇಜು ಅಲುಗಾಡಲಿಲ್ಲ.

“ಎತ್ತಲ್ಲ ಸಾರ್” ಅಂದ ಗಂಡ. ದನಿ ಸಣ್ಣದಾಗಿತ್ತು. ಸಾಹೇಬನಿಗೆ ಕೇಳಿಸಿತೋ ಇಲ್ಲವೋ ಅಂತ ಅನುಮಾನ ಬಂದು, ಕೆಮ್ಮಿ ಗಂಟಲು ಸರಿಮಾಡಿಕೊಂಡು ಇನ್ನೊಂದು ಸಲ ಜೋರಾಗಿ ಅಂದ: “ಎತ್ತಲ್ಲ.”

ಆಮೇಲೆ ಪಕ್ಕದ ಕುರ್ಚಿ ಎಳೆದುಕೊಂಡು ಹೆಂಡತಿಯ ಮಗ್ಗುಲಿಗೆ ಕೂತ. ಅಂಗಿಯ ತೋಳು ಮೇಲಕ್ಕೆ ಮಡಿಸಿದ. ಮದುವೆಯಾದಾಗಿನಿಂದ ಆ ನಾಣ್ಯಗಳನ್ನು ಬೆರಳಲ್ಲೂ ಮುಟ್ಟದಿದ್ದವನು ಒಂದನ್ನೆತ್ತಿ ಹಿಂದುಮುಂದು ನೋಡಿದ.

“ಇದ್ರಲ್ಲಿ ಎರಡು ಕಡೆನೂ ಸವೆದುಹೋಗಿದೆಯಲ್ಲೇ,” ಅಂದ. “ಹೇಗಿಡ್ಲಿ ಹೇಳು?”